ಮೂರನೆಯ ಸಲ

ರಗ್ಬಿ, ಉತ್ತರ ಡಕೋಟ
12 ಮಾರ್ಚ್ 1989

ತಂಗಿ ಥೋರಾಗೆ,

ಉತ್ತರ ತಡವಾಯಿತು ಅಂತ ಮುಖ ಊದಿಸಿಕೊಳ್ಳಬೇಡ. ಫೋನು ಮಾಡಬಹುದಿತ್ತು. ಆದರೆ ಜೀವಮಾನವೆಲ್ಲ ಟ್ರ್ಯಾಕ್ಟರಿನ ಮೇಲೆ ಕೂತವನ ಕಿವಿಗೆ ಫೋನಿನಲ್ಲಿ ಬರೀ ಜೇನುಹುಳದ ಸದ್ದು ಕೇಳುತ್ತದೆ. ರೇ ತೀರಿಕೊಂಡ ಮೇಲೆ ನಿನಗೆ ಇದು ಮೊದಲ ಚಳಿಗಾಲ. ಗಂಡ ಸತ್ತವರಿಗೆ ಏನು ಬರೆಯಬೇಕೋ ನನಗೆ ತಿಳಿಯದು, ಮದುವೆಯನ್ನೇ ಆಗದವನು ನಾನು. ಆದ್ದರಿಂದ ಊರಿನ ಸುದ್ದಿ ಬರೆಯುತ್ತೇನೆ.

ನಮ್ಮ ರಾಜ್ಯದ ಹೆಸರಿನಿಂದ ‘ಉತ್ತರ’ ತೆಗೆದುಹಾಕಿ ಬರೀ ಡಕೋಟ ಅನ್ನೋಣ ಅಂತ ರಾಜಧಾನಿಯಲ್ಲಿ ಚರ್ಚೆ ನಡೆಯಿತು. ಉತ್ತರ ಅಂದ ಕೂಡಲೇ ಹೊರಗಿನವರಿಗೆ ಚಳಿ ಹಿಡಿಯುತ್ತದಂತೆ, ಯಾರೂ ಈ ಕಡೆ ತಲೆ ಹಾಕುವುದಿಲ್ಲವಂತೆ. ಕೊನೆಗೆ ಮತಕ್ಕೆ ಹಾಕಿ ಬೇಡ ಅಂದರು. “ಹೆಸ್ರೇನೋ ಬದಲಾಯಿಸ್ತಾರೆ, ಥರ್ಮಾಮೀಟರ್‌ಗೆ ಯಾರು ಹೇಳ್ತಾರೆ?” ಅಂದ ಐನಾರ್. ಐನಾರ್ ನೆನಪಿದ್ದಾನಲ್ಲ, ಸೊಟ್ಟ ಮೂಗಿನವನು. ಈಗ ಮನುಷ್ಯರ ಪೈಕಿ ನನಗೆ ಹತ್ತಿರದ ನೆರೆಯವನು ಅವನೇ, ಎರಡು ಮೈಲಿ. ಅವನಿಗಿಂತ ಹತ್ತಿರದ ನೆರೆ ಅಂದರೆ ಅಣುಬಾಂಬು. ರಸ್ತೆಯಾಚೆಯ ಗೋಧಿ ಹೊಲದ ಅಡಿಯಲ್ಲಿ ಸರ್ಕಾರದವರು ಕ್ಷಿಪಣಿ ಹೂತಿಟ್ಟು ಬೇಲಿ ಹಾಕಿದ್ದಾರಲ್ಲ, ಅದು. ಸಂಜೆಯಾದರೆ ಕಿಟಕಿಯಿಂದ ಕಾಣುವ ದೀಪ ಅದೊಂದೇ. ಕಾವಲಿನ ಸೈನಿಕರಿಗೆ ಕೈ ಬೀಸುತ್ತೇನೆ, ಅವರೂ ಬೀಸುತ್ತಾರೆ. ಒಳ್ಳೆಯ ನೆರೆ, ಗಲಾಟೆ ಇಲ್ಲ.

ಹೋದ ತಿಂಗಳ ಹಿಮಗಾಳಿಯಲ್ಲಿ ಒಂದು ತಮಾಷೆ ನಡೆಯಿತು. ಅಪ್ಪನ ಹಾಗೆ ನಾನೂ ಹಿಮದಲ್ಲಿ ದಾರಿ ತಪ್ಪದಿರಲಿ ಅಂತ ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟುತ್ತೇನೆ. ಅದನ್ನು ಹಿಡಿದು ಹೋಗಿ ದನಕ್ಕೆ ಮೇವು ಹಾಕಿ ಬರುವಾಗ ಕಾಲು ಜಾರಿತು, ಹಗ್ಗ ಕೈತಪ್ಪಿತು. ಮೊಣಕಾಲು ಮಾತು ಕೇಳಲಿಲ್ಲ. ನಾಯಿ ಬಂದು ಮೈಮೇಲೆ ಮಲಗಿತು. ಇಬ್ಬರೂ ಹಾಗೇ ಹಿಮದಲ್ಲಿ ಬಹಳ ಹೊತ್ತು ಗಂಡ ಹೆಂಡಿರ ಹಾಗೆ ಬಿದ್ದುಕೊಂಡಿದ್ದೆವು. ಆಮೇಲೆ ತೆವಳಿಕೊಂಡು ಬಂದೆ. ಡಾಕ್ಟರು ಇನ್ನೊಂದು ಚಳಿಗಾಲ ಒಬ್ಬನೇ ಇರಬೇಡ ಅಂದರು. ಡಾಕ್ಟರುಗಳು ಏನೋ ಒಂದು ಅನ್ನುತ್ತಲೇ ಇರುತ್ತಾರೆ. ಈಗ ಕೋಲು ಹಿಡಿದು ನಡೆಯುತ್ತೇನೆ, ದೂರದಿಂದ ನೋಡಿದವರು ಜಡ್ಜ್ ಸಾಹೇಬ ಅನ್ನಬೇಕು.

ನಿನ್ನನ್ನು ನಗಿಸುವ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಚರ್ಚಿಗೆ ಹೊಸ ಪಾದ್ರಿ ಬಂದಿದ್ದಾರೆ, ಕ್ಯಾಲಿಫೋರ್ನಿಯಾದವರು. ಅವರ ಹೆಂಡತಿ ನಮ್ಮನ್ನೆಲ್ಲ ಮನೆಗೆ ಕರೆದಳು. ಕಾಫಿ ತಂದು “ತಗೋತೀರಾ?” ಅಂದಳು. ಎಲ್ಲರೂ ಬೇಡ ಅಂದೆವು. ಅವಳು ಸರಿ ಅಂತ ಕೆಟಲನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟಳು. ಕೇಕಿಗೂ ಅದೇ ಗತಿ. ಅಷ್ಟೂ ಜನ ಒಣ ಬಾಯಲ್ಲಿ ಮನೆಗೆ ಬಂದೆವು. ಮರುದಿನ ಐನಾರನ ಹೆಂಡತಿ ಗುಡ್ರುನ್ ಹೋಗಿ ಪಾಠ ಹೇಳಿದಳು. “ಮೂರ್ ಸಲ ಕೇಳ್ಬೇಕು ಕಣಮ್ಮ. ಎರಡು ಸಲ ಕೇಳೋದು ಮರ್ಯಾದೆಗೆ, ಅದಕ್ಕೆ ಬೇಡ ಅನ್ನೋದೂ ಮರ್ಯಾದೆಗೆ. ಮೂರ್ನೇ ಸಲ ಕೇಳಿದ್ರೆ ಇವ್ರು ನಿಜವಾಗ್ಲೂ ಕೊಡ್ತಾರೆ ಅಂತ ಗೊತ್ತಾಗತ್ತೆ. ಆಗ ನೋಡು, ಲೋಟ ತಾನಾಗೇ ಮುಂದೆ ಬರತ್ತೆ.” ಪಾಪ, ಆ ಹುಡುಗಿ ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿಸಿಕೊಂಡಳಂತೆ.

ನಿನ್ನ ಅಣ್ಣ,
ಸೆಲ್ಮರ್


ಟೂಸಾನ್, ಅರಿಜೋನಾ
2 ಏಪ್ರಿಲ್ 1989

ತಮ್ಮ ಸೆಲ್ಮರ್‌ಗೆ,

ಅಣ್ಣನಂತೆ ಅಣ್ಣ. ನಾವು ಹುಟ್ಟಿದ ದಿನ ಹಿಮಗಾಳಿಗೆ ದೀಪ ಆರಿಹೋಗಿ, ಅವಳಿ ಕೂಸುಗಳಲ್ಲಿ ಯಾವುದು ಮೊದಲು ಬಂತು ಅಂತ ಸೂಲಗಿತ್ತಿ ಗುರುತಿಡಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಬುದ್ಧಿ ನೋಡಿ ತೀರ್ಮಾನಿಸಬೇಕು. ಆ ಲೆಕ್ಕದಲ್ಲಿ ನಾನೇ ಅಕ್ಕ.

ಪಾದ್ರಿಯ ಹೆಂಡತಿಯ ಕಥೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಮನೆ ಎಷ್ಟು ಸುಮ್ಮನಿದೆ ಅನ್ನಿಸಿ ಟೀವಿ ಹಾಕಿದೆ. ನನಗೂ ಹಾಗೇ ಆಗಿತ್ತು ಗೊತ್ತೇ? ಮದುವೆಯಾಗಿ ರೇ ಜೊತೆ ಅವನ ಊರು ಟೆಕ್ಸಸ್‌ಗೆ ಹೋದ ಮೊದಲ ದಿನ ಅತ್ತೆ ಪೀಚ್ ಹಣ್ಣಿನ ಪೈ ಹಿಡಿದು ಬೇಕಾ ಅಂದರು. ಮರ್ಯಾದೆಗೆ ಬೇಡ ಅಂದೆ. ಅವರು ಅದನ್ನು ತೆಗೆದು ಬೀರುವಿನಲ್ಲಿಟ್ಟರು. ಹಸಿದುಕೊಂಡೇ ಮಲಗಿದೆ. ಮರುದಿನದಿಂದ ಕೇಳುವ ಮೊದಲೇ ತಟ್ಟೆ ಚಾಚಿದೆ. ಈ ಕಡೆಯವರು ಒಂದು ಸಲ ಕೇಳುತ್ತಾರೆ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ಎಷ್ಟು ಸಲೀಸು. ನಮ್ಮೂರಿನ ಆ ಉಪಚಾರವೆಲ್ಲ ನನಗೀಗ ಮರೆತೇ ಹೋಗಿದೆ.

ಕಾಲು ಜಾರಿದ್ದನ್ನು ನೀನು ಬರೆದ ರೀತಿಗೆ ಅದನ್ನೂ ಓದಿ ನಕ್ಕೆ. ಆಮೇಲೆ ಇನ್ನೊಂದು ಸಲ ಓದಿದೆ. ಸೆಲ್ಮರ್, ಇಲ್ಲಿಗೆ ಬಂದುಬಿಡು. ಹಿಂದಿನ ಕೋಣೆ ಖಾಲಿ ಇದೆ. ಅಲ್ಲಿದ್ದ ರೇಯ ಉಪಕರಣಗಳನ್ನೆಲ್ಲ ಅವನ ತಮ್ಮನ ಮಕ್ಕಳು ತೆಗೆದುಕೊಂಡು ಹೋದರು. ಬೆಳಗಿನ ಹೊತ್ತು ಅಂಗಳದ ಕಿತ್ತಳೆ ಮರದ ಕೆಳಗೆ ಕೂರಬಹುದು. ಇಲ್ಲಿ ಹಿಮ ಅನ್ನುವುದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಯೋಚನೆ ಮಾಡು.

ನಾನು ಚೆನ್ನಾಗಿದ್ದೇನೆ. ಸೊಂಟ ಸ್ವಲ್ಪ ನೋಯುತ್ತದೆ ಅಷ್ಟೇ.

ನಿನ್ನ ಅಕ್ಕ,
ಥೋರಾ


ರಗ್ಬಿ
30 ಏಪ್ರಿಲ್ 1989

ತಂಗಿ ಥೋರಾಗೆ,

ಬೇಡ ಬೇಡ, ನಿನಗ್ಯಾಕೆ ಇಲ್ಲದ ತೊಂದರೆ. ಒಂಟಿಯಾಗಿದ್ದು ರೂಢಿಯಾದ ಮುದುಕನನ್ನು ಕಟ್ಟಿಕೊಂಡು ಏನು ಮಾಡುತ್ತೀಯ. ಬೆಳಗಾಗುವ ಮೊದಲೇ ಎದ್ದು ಪಾತ್ರೆ ಸದ್ದು ಮಾಡುತ್ತೇನೆ, ಊಟ ಮಾಡುವಾಗ ಮಾತಾಡುವುದಿಲ್ಲ. ನಾನು ಇಲ್ಲಿ ಆರಾಮಾಗಿದ್ದೇನೆ. ಹಿಮ ಕರಗಿದೆ, ರಸ್ತೆ ಕೆಸರು.

ಮೊನ್ನೆ ಊರಿಗೆ ಹೋಗಿದ್ದೆ. ರಗ್ಬಿಯ ಆ ಕಲ್ಲು ಕಂಬದ ಹತ್ತಿರ ಕಾರೊಂದು ನಿಂತಿತ್ತು. ಈ ಖಂಡಕ್ಕೆಲ್ಲ ಇದೇ ನಟ್ಟನಡು, ಯಾವ ಸಮುದ್ರಕ್ಕೂ ಇಲ್ಲಿಂದ ದೂರವೇ ಅಂತ ಅದನ್ನು ನೋಡಲು ಬರುತ್ತಾರಲ್ಲ. ಗಂಡ ಹೆಂಡತಿ ಇಳಿದರು, ನನ್ನ ಕೈಗೆ ಕ್ಯಾಮೆರಾ ಕೊಟ್ಟು ಫೋಟೋ ತೆಗೆಸಿಕೊಂಡರು, ಕಾರು ಹತ್ತಿ ಹೋದರು. ನಡುವಿನಲ್ಲಿ ಇರುವುದು ಹೇಗಿರುತ್ತದೆ ಅಂತ ಕೇಳಿದಳು ಆ ಹೆಂಗಸು. ಎಲ್ಲ ಕಡೆಗೂ ಅಷ್ಟೇ ದೂರ ಅಂದೆ.

ಸುಮ್ಮನೆ ಕೇಳುತ್ತೇನೆ, ಬೇರೆ ಏನಲ್ಲ. ಆ ಹಿಂದಿನ ಕೋಣೆಯ ಕಿಟಕಿ ಯಾವ ದಿಕ್ಕಿಗೆ? ಅಲ್ಲಿನ ಮಣ್ಣಿನಲ್ಲಿ ಆಲೂಗೆಡ್ಡೆ ಬರುತ್ತದೆಯೇ? ಹತ್ತಿರದಲ್ಲಿ ನಮ್ಮ ಲುಥೆರನ್ ಚರ್ಚು ಇದೆಯೇ?

ನಿನ್ನ ಅಣ್ಣ,
ಸೆಲ್ಮರ್


ಟೂಸಾನ್
20 ಮೇ 1989

ತಮ್ಮ ಸೆಲ್ಮರ್‌ಗೆ,

ಕಿಟಕಿ ಪೂರ್ವಕ್ಕೆ. ಆಲೂಗೆಡ್ಡೆ ಬರುವುದಿಲ್ಲ, ಇಲ್ಲಿ ಕಲ್ಲು ಮತ್ತು ಕಳ್ಳಿ ಬರುತ್ತದೆ. ಚರ್ಚು ಎರಡು ಬೀದಿ ಆಚೆ. ಈಗಿನ ಪಾದ್ರಿ ಗಿಟಾರು ಬಾರಿಸುತ್ತಾರೆ, ನಿನಗೆ ಹಿಡಿಸಲಿಕ್ಕಿಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಬಾ. ಪಾತ್ರೆ ಸದ್ದಾದರೆ ಆಗಲಿ.

ಒಂದು ಮಾತು ಕೇಳಬೇಕು. ಇದು ರೇ ಇದ್ದ ಮನೆ ಅಂತಲೇ ನೀನು ಬೇಡ ಅನ್ನುವುದು? ನೀನು ನನ್ನ ಮದುವೆಗೆ ಬರಲಿಲ್ಲ. ನಲವತ್ತು ವರ್ಷದಲ್ಲಿ ಅವನ ಬಗ್ಗೆ ಒಂದು ಕೆಟ್ಟ ಮಾತನ್ನೂ ಬರೆಯಲಿಲ್ಲ, ಒಳ್ಳೆಯ ಮಾತನ್ನೂ ಬರೆಯಲಿಲ್ಲ. ಹಾಗಿದ್ದರೆ ಹೇಳಿಬಿಡು.

ನಿನ್ನ ಅಕ್ಕ,
ಥೋರಾ


ರಗ್ಬಿ
9 ಜುಲೈ 1989

ತಂಗಿ ಥೋರಾಗೆ,

ನಮ್ಮ ರಾಜ್ಯಕ್ಕೆ ನೂರು ತುಂಬಿದ ಹಬ್ಬ. ರಾಜಧಾನಿಯಲ್ಲಿ ಜಾತ್ರೆಯೋ ಜಾತ್ರೆ, ನಮ್ಮೂರಿನಲ್ಲೂ ಮೆರವಣಿಗೆ. ಗುಡ್ರುನ್ ಮತ್ತು ಚರ್ಚಿನ ಹೆಂಗಸರು ಆಲೂಗೆಡ್ಡೆಯ ಲೆಫ್ಸೆ ರೊಟ್ಟಿ ಸುಟ್ಟೂ ಸುಟ್ಟೂ ಕೈ ಸೋತರು. ಶಾಲೆಯ ಮಕ್ಕಳು ಒಂದು ನಾಟಕ ಆಡಿದರು, ನಿನಗೆ ಹೇಳಲೇಬೇಕು. ಉತ್ತರ ಡಕೋಟ, ದಕ್ಷಿಣ ಡಕೋಟ ಎರಡೂ ಒಂದೇ ದಿನ ಹುಟ್ಟಿದ ರಾಜ್ಯಗಳು. ಯಾವುದು ಮೊದಲು ಅಂತ ಜಗಳ ಬರಬಾರದು ಅಂತ ಅಧ್ಯಕ್ಷರು ಎರಡು ಕಾಗದವನ್ನೂ ಇಸ್ಪೀಟಿನ ಎಲೆಯ ಹಾಗೆ ಕಲಸಿ, ಹೆಸರು ಮುಚ್ಚಿಕೊಂಡು ಸಹಿ ಹಾಕಿದರಂತೆ. ಯಾವುದು ದೊಡ್ಡದು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ನಾಟಕ ನೋಡುತ್ತಾ ನಿನ್ನ ನೆನಪಾಗಿ ನಗು ಬಂತು. ಪಕ್ಕದಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಐನಾರ್ ಬಿಯರ್ ತರಲು ಹೋಗಿದ್ದ.

ನೀನು ಕರೆದದ್ದು ದೊಡ್ಡ ಮಾತು. ಆದರೆ ಬೇಡ ಥೋರಾ, ಈ ವಯಸ್ಸಿನಲ್ಲಿ ನಿನಗೆ ಭಾರ ಆಗಬಾರದು.

ದನಗಳನ್ನು ಮಾರಿದೆ. ಒಳ್ಳೆಯ ಬೆಲೆ ಬಂತು ಅಂತ ಮಾರಿದೆ ಅಷ್ಟೇ. ಹೊಲವನ್ನು ಐನಾರನ ಮಗ ಗುತ್ತಿಗೆಗೆ ಕೇಳಿದ, ಕೊಟ್ಟೆ. ನಾಯಿ ಈಗೀಗ ಐನಾರನ ಮನೆಯಲ್ಲೇ ಹೆಚ್ಚು ಇರುತ್ತದೆ. ನಾನೇ ಬಿಟ್ಟು ಬರುತ್ತೇನೆ, ಅಭ್ಯಾಸವಾಗಲಿ ಅಂತ. ಅಪ್ಪನ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸಿದೆ. ಬೀಗ ಇನ್ನೂ ಗಟ್ಟಿಯಾಗಿದೆ, ನೋಡು. ಆಗಿನ ಕಾಲದ ಸಾಮಾನೇ ಬೇರೆ.

ಅಲ್ಲಿ ಚಳಿಗಾಲದಲ್ಲಿ ಉಣ್ಣೆಯ ಅಂಗಿ ಬೇಕಾಗುತ್ತದೆಯೇ? ಐನಾರ್ ಬೇಡ ಅನ್ನುತ್ತಾನೆ, ಅವನಿಗೇನು ಗೊತ್ತು.

ನಿನ್ನ ಅಣ್ಣ,
ಸೆಲ್ಮರ್


ಟೂಸಾನ್
15 ಆಗಸ್ಟ್ 1989

ಸೆಲ್ಮರ್‌ಗೆ,

ನಾನು ಎರಡು ಸಲ ಕರೆದೆ, ನೀನು ಎರಡು ಸಲವೂ ಬೇಡ ಅಂದೆ. ರೇ ಬಗ್ಗೆ ಕೇಳಿದ್ದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅದೇ ಉತ್ತರ ಅಂತ ತಿಳಿದುಕೊಂಡೆ. ಇನ್ನು ಒತ್ತಾಯ ಮಾಡುವುದಿಲ್ಲ. ನಿನ್ನ ಮನೆ, ನಿನ್ನ ಊರು, ನಿನ್ನ ಇಷ್ಟ.

ಹಿಂದಿನ ಕೋಣೆಯನ್ನು ಕಾಲೇಜಿನ ಹುಡುಗಿಯೊಬ್ಬಳು ಬಾಡಿಗೆಗೆ ಕೇಳಿದ್ದಾಳೆ. ಕೊಡೋಣ ಅಂತಿದ್ದೇನೆ. ಮನೆಯಲ್ಲಿ ಇನ್ನೊಂದು ಜೀವ ಓಡಾಡಿಕೊಂಡಿದ್ದರೆ ವಾಸಿ.

ಉಣ್ಣೆಯ ಅಂಗಿ ಅಲ್ಲಿಯೇ ಬೇಕಾಗುತ್ತದಲ್ಲ, ಇಟ್ಟುಕೋ. ಕೊಟ್ಟಿಗೆಗೆ ಹೋಗುವಾಗ ಹಗ್ಗ ಬಿಡಬೇಡ.

ಥೋರಾ


ರಗ್ಬಿ
28 ಸೆಪ್ಟೆಂಬರ್ 1989

ಥೋರಾಗೆ,

ಹುಡುಗಿಗೆ ಕೋಣೆ ಕೊಟ್ಟದ್ದು ಒಳ್ಳೆಯದಾಯಿತು. ನನಗೂ ಸಮಾಧಾನ. ಪೂರ್ವದ ಬಿಸಿಲು ಓದುವವರಿಗೆ ಒಳ್ಳೆಯದು.

ಇಲ್ಲಿ ಸೂರ್ಯಕಾಂತಿಗಳೆಲ್ಲ ಕಪ್ಪಾಗಿ ತಲೆ ಬಗ್ಗಿಸಿ ನಿಂತಿವೆ, ಕೊಯ್ಲಿಗೆ ಇನ್ನೂ ಸಮಯವಿದೆ. ಈ ಸಲ ಹಗ್ಗದ ಗೋಜಿಲ್ಲ, ಕೊಟ್ಟಿಗೆಯಲ್ಲಿ ದನವೇ ಇಲ್ಲವಲ್ಲ. ಮೇಲಿನ ಕೋಣೆಗಳನ್ನು ಮುಚ್ಚಿದ್ದೇನೆ. ಅಡುಗೆಮನೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದೇನೆ, ಒಬ್ಬನಿಗೆ ಎಷ್ಟು ಜಾಗ ಬೇಕು. ನಾಯಿಯನ್ನು ವಾಪಸು ಕರೆಯಲು ಹೋಗಿದ್ದೆ. ಅದು ಗುಡ್ರುನಳ ಒಲೆಯ ಪಕ್ಕ ಮಲಗಿತ್ತು, ಎಬ್ಬಿಸಲು ಮನಸ್ಸು ಬರಲಿಲ್ಲ.

ನೀನು ಕರೆದದ್ದನ್ನು ಮರೆಯುವುದಿಲ್ಲ. ಮರ್ಯಾದೆಗೆ ಎರಡು ಸಲ ಕರೆದೆ, ಅದಕ್ಕಾದರೂ ನಿನಗೆ ಋಣಿ.

ಸೆಲ್ಮರ್


ಟೂಸಾನ್
10 ಡಿಸೆಂಬರ್ 1989

ಸೆಲ್ಮರ್‌ಗೆ,

ಅಕ್ಟೋಬರಿನಲ್ಲಿ ಒಂದು ಕಾಗದ ಹಾಕಿದೆ, ಉತ್ತರವಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫೋನು ಮಾಡಿದೆ. ನೀನು ಎತ್ತಿ “ಯಾರು? ಯಾರು?” ಅಂತ ಕೂಗಿ ಇಟ್ಟುಬಿಟ್ಟೆ. ನಾನು ಕೂಗಿದ್ದು ನಿನಗೆ ಕೇಳಲಿಲ್ಲ.

ಅಲ್ಲಿ ಮೈನಸ್ ಮೂವತ್ತು ಅಂತ ಟೀವಿಯಲ್ಲಿ ಹೇಳಿದರು. ಕಿತ್ತಳೆ ಹಣ್ಣು ಕಳಿಸುತ್ತಿದ್ದೇನೆ, ದಾರಿಯಲ್ಲಿ ಹೆಪ್ಪುಗಟ್ಟದಿದ್ದರೆ ತಿನ್ನು. ತಲುಪಿತು ಅಂತ ಒಂದು ಸಾಲಾದರೂ ಬರೆ.

ಥೋರಾ


ಟೂಸಾನ್
14 ಜನವರಿ 1990

ಸೆಲ್ಮರ್,

ಇವತ್ತು ನಮ್ಮಿಬ್ಬರ ಹುಟ್ಟುಹಬ್ಬ, ಭಾನುವಾರ ಬೇರೆ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕಾಫಿ ಕೊಡುವ ಪಾಳಿ ನನ್ನದು. ಚಳಿಗಾಲ ಕಳೆಯಲು ಬರುವವರಲ್ಲಿ ಒಬ್ಬ ಹೆಂಗಸು ಹೊಸಬಳು, ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು. ಕಾಫಿ ಬೇಕಾ ಅಂದೆ. “ಬೇಡಮ್ಮ, ನಿಮಗ್ಯಾಕೆ ತೊಂದರೆ” ಅಂದಳು. ತೊಂದರೆ ಏನಿಲ್ಲ, ತಗೊಳ್ಳಿ ಅಂದೆ. “ಬೇಡ, ಬೇಡ” ಅಂದಳು. ಸರಿ ಅಂತ ಮುಂದೆ ಹೋದೆ. ಹಾಗೇ ತಿರುಗಿ ನೋಡಿದರೆ ಅವಳ ಕಣ್ಣು ನನ್ನ ಕೈಯಲ್ಲಿದ್ದ ಕೆಟಲಿನ ಹಿಂದೆಯೇ ಬರುತ್ತಿತ್ತು. ಬೆರಳು ಖಾಲಿ ಲೋಟದ ಹಿಡಿಯಲ್ಲೇ ಇತ್ತು. ಯಾವ ಊರು ಅಂತ ಕೇಳಿದೆ. “ಮೈನಾಟ್, ಉತ್ತರ ಡಕೋಟ” ಅಂದಳು.

ಕೆಟಲನ್ನು ಅಲ್ಲೇ ಮೇಜಿನ ಮೇಲಿಟ್ಟು ಒಳಗೆ ಹೋಗಿ ಅತ್ತೆ. ಗಿಟಾರು ಪಾದ್ರಿ ಬಂದು ಏನಾಯಿತು ಅಂದರು, ಏನು ಹೇಳಲಿ.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡೆ. ದನ ಮಾರಿದ್ದು, ಟ್ರಂಕು ಇಳಿಸಿದ್ದು, ನಾಯಿಗೆ ಅಭ್ಯಾಸ ಮಾಡಿಸಿದ್ದು, ಉಣ್ಣೆಯ ಅಂಗಿ. ಎಲ್ಲ ಕಣ್ಣ ಮುಂದೆಯೇ ಇತ್ತು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಪಾದ್ರಿಯ ಹೆಂಡತಿಯನ್ನು ನೋಡಿ ನಕ್ಕು, ಅದೇ ಕಾಗದದಲ್ಲಿ ಅವಳು ಮಾಡಿದ್ದನ್ನೇ ಮಾಡಲು ಶುರು ಮಾಡಿದೆ.

ರೇಯನ್ನು ಮದುವೆಯಾಗಲು ನಾನು ಹೊರಟಾಗ ರಗ್ಬಿಯ ಸ್ಟೇಷನ್ನಿಗೆ ನೀನು ಬಂದಿದ್ದೆ. “ಇದ್ದುಬಿಡು” ಅಂದೆ ನೀನು. ಇಲ್ಲ ಅಂದೆ ನಾನು. ನೀನು ಇನ್ನೊಂದು ಸಲ ಅಂದೆ. ನಾನು ಇಲ್ಲ ಅಂದೆ. ಆಮೇಲೆ ರೈಲು ಬಂತು. ಮೂರನೆಯದಕ್ಕೆ ನಾನು ಕಾದಿದ್ದೆ ಸೆಲ್ಮರ್. ಕೇಳಿದ್ದರೂ ಹೋಗುತ್ತಿದ್ದೆನೇನೋ, ಅವನೆಂದರೆ ನನಗೆ ಪ್ರಾಣ. ಆದರೂ ನೀನು ಕೇಳಲಿಲ್ಲವಲ್ಲ ಅಂತ ಸಿಟ್ಟಿನಲ್ಲಿ ಕಿಟಕಿಯ ಆಚೆ ನೋಡದೇ ಕೂತಿದ್ದೆ. ಹಾಗೆ ಕಾದು ಕೂತವಳೇ ಅದನ್ನು ಮರೆತೆ.

ಕಾಲೇಜಿನ ಹುಡುಗಿ ಅಂತ ಬರೆದೆನಲ್ಲ, ಅಂಥವಳು ಯಾರೂ ಇಲ್ಲ. ಸಿಟ್ಟಿಗೆ ಬರೆದದ್ದು. ಕೋಣೆ ಹಾಗೇ ಇದೆ, ನಾನೇ ಆಗಾಗ ಹೋಗಿ ಹಾಸಿಗೆ ಕೊಡವಿ ಬರುತ್ತೇನೆ. ನನಗೆ ಒಬ್ಬಳೇ ಇರಲು ಆಗುತ್ತಿಲ್ಲ. ರೇ ಹೋದಂದಿನಿಂದ ಟೀವಿ ಮುಂದಿನ ಕುರ್ಚಿಯಲ್ಲೇ ಮಲಗುತ್ತೇನೆ, ಯಾರದಾದರೂ ದನಿ ಇರಲಿ ಅಂತ.

ಬಾ. ಇದು ಮೂರನೆಯ ಸಲ.

ಥೋರಾ


ರಗ್ಬಿ
23 ಜನವರಿ 1990

ಥೋರಾ,

ನಿನಗೆ ಅಷ್ಟೇನೂ ತೊಂದರೆ ಆಗುವುದಿಲ್ಲ ಅಂದರೆ, ಬರುತ್ತೇನೆ.

ಕಿತ್ತಳೆ ತಲುಪಿತ್ತು. ಬರೆಯಬೇಕಿತ್ತು, ಬರೆಯಲಿಲ್ಲ. ಬರೆದರೆ ಏನೇನೋ ಬರೆದುಬಿಡುತ್ತೇನೆ ಅನ್ನಿಸಿತು. ಡಿಸೆಂಬರಿನಲ್ಲಿ ಇನ್ನೊಂದು ಸಲ ಬಿದ್ದೆ, ಮನೆಯೊಳಗೇ. ಈ ಸಲ ನಾಯಿ ಇರಲಿಲ್ಲ. ಕಾಲು ಈಗ ಸರಿಯಾಗಿದೆ, ಆದರೆ ಆ ದಿನ ಬಹಳ ಹೆದರಿದೆ. ಇದನ್ನು ತಮಾಷೆಯಾಗಿ ಬರೆಯಲು ಬರುತ್ತಿಲ್ಲ.

ರೇ ಬಗ್ಗೆ ನೀನು ಕೇಳಿದ್ದೆ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನು ನಿನ್ನನ್ನು ಒಂದೇ ಸಲ ಕೇಳಿದನಂತೆ, ನೀನು ಆ ಕ್ಷಣವೇ ಹೂಂ ಅಂದೆಯಂತೆ. ನಮ್ಮಲ್ಲಿ ಒಬ್ಬಳು ಹಾಗೆ ಹೂಂ ಅನ್ನಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಸ್ಟೇಷನ್ನಿನಲ್ಲಿ ಮೂರನೆಯ ಸಲ ಕೇಳಲು ಬಾಯಿ ಬರಲಿಲ್ಲ, ಅದಕ್ಕೂ ಹೂಂ ಅಂದುಬಿಟ್ಟರೆ ನಿನ್ನ ಬಾಳು ನನ್ನಿಂದ ಹಾಳಾಗುತ್ತದೆ ಅಂತ. ಅವನು ಪುಣ್ಯವಂತ.

ಟ್ರಂಕು ಆಗಸ್ಟಿನಿಂದ ಬಾಗಿಲ ಹತ್ತಿರವೇ ಇದೆ. ಬಟ್ಟೆ ಬೇಕಾದಾಗ ಅದರಿಂದ ತೆಗೆದು, ಒಗೆದು ಮತ್ತೆ ಅದರಲ್ಲೇ ಇಡುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ, ಆದ್ದರಿಂದ ಎಲ್ಲ ಹೊರಗೆ ತೆಗೆದು ಇನ್ನೊಂದು ಸಲ ಕಟ್ಟಿದೆ. ಗುಡ್ರುನ್ ನಿನಗೆ ಅಂತ ಲೆಫ್ಸೆ ಕೊಟ್ಟಿದ್ದಾಳೆ. ಬೇಡ ಅಂದೆ, ಬೇಡ ಅಂದೆ, ಆಮೇಲೆ ತೆಗೆದುಕೊಂಡೆ.

ಸೋಮವಾರದ ರೈಲಿಗೆ ಐನಾರ್ ಹತ್ತಿಸುತ್ತಾನೆ, ಶಿಕಾಗೊದಲ್ಲಿ ಬದಲಿಸುತ್ತೇನೆ. ಸ್ಟೇಷನ್ನಿಗೆ ನೀನು ಬರಬೇಡ, ಸೊಂಟ ನೋಯುತ್ತದೆ ಅಂತಿದ್ದೆ. ಬೇಡ, ನಾನೇ ಬರುತ್ತೇನೆ. ಒಂದು ವೇಳೆ ನೀನು ಬಂದರೆ, ನಾನು ನೀಲಿ ಟೋಪಿ ಹಾಕಿಕೊಂಡಿರುತ್ತೇನೆ, ಗುರುತು ಸಿಗುತ್ತದೆ.

ನಿನ್ನ ತಮ್ಮ,
ಸೆಲ್ಮರ್